ಸಮಾಧಾನಕ್ಕೆಂದು ನರಸೀಪುರಕ್ಕೆ

ತಿಂಗಳ ಮೊದಲ ಭಾನುವಾರ ನಂಜನಗೂಡಿನ ನಮ್ಮ ಸಭೆಯಲ್ಲಿ ಪ್ರಭುಭೋಜನ. ಮನಸ್ತಾಪ ಇರುವವರು ಮೊದಲು ಹೋಗಿ ಸಮಾಧಾನ ಮಾಡಿಕೊಂಡು ಬಂದು, ಆಮೇಲೆ ರೊಟ್ಟಿ ದ್ರಾಕ್ಷಾರಸ ಮುಟ್ಟಬೇಕೆಂದು ಪಾದ್ರಿಗಳು ಹೇಳುತ್ತಿದ್ದರು. ಎಲ್ಲರೂ ತಲೆಯಾಡಿಸಿ ಮನೆಗೆ ಹೋಗುತ್ತಿದ್ದರು. ಆ ಮಾತನ್ನು ಅಕ್ಷರಶಃ ಹಿಡಿದುಕೊಂಡು ಕೂತವಳು ನಮ್ಮವ್ವ ಒಬ್ಬಳೇ, ಅನುಭವಿಸಿದವಳು ನಾನು.

ಅವ್ವನಿಗೂ ನರಸೀಪುರದಲ್ಲಿದ್ದ ಅವಳ ಅಕ್ಕನಿಗೂ, ಅಂದರೆ ನಮ್ಮ ದೊಡ್ಡವ್ವನಿಗೂ, ಜಗಳ. ಅಜ್ಜಿ ತೀರಿಕೊಂಡದ್ದು ದೊಡ್ಡವ್ವನ ಮನೆಯಲ್ಲಿ. ನೀನು ತಂತಿ ತಡವಾಗಿ ಕೊಟ್ಟೆ, ಅದಕ್ಕೇ ತಾಯಿಯ ಮುಖ ನನಗೆ ಸಿಗಲಿಲ್ಲ ಎಂದು ಅವ್ವ. ತಂತಿ ಹೊತ್ತಿಗೆ ಸರಿಯಾಗಿ ಕೊಟ್ಟೆ, ನೀನೇ ಸಾರಿಗೆ ಒಗ್ಗರಣೆ ಹಾಕಿಕೊಂಡು ಕೂತು ಬಸ್ಸು ಬಿಟ್ಟೆ ಎಂದು ದೊಡ್ಡವ್ವ.

ಆ ಭಾನುವಾರದ ಹಿಂದಿನ ಶನಿವಾರ ಬೆಳಗಿನ ಶಾಲೆ ಮುಗಿಸಿ, ತಿದ್ದಬೇಕಾದ ಪೇಪರಿನ ಕಟ್ಟು ಹೊತ್ತು ನಾನು ಮನೆಗೆ ಬರುವಷ್ಟರಲ್ಲಿ ಅವ್ವ ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲಿ ನಿಂತಿರುತ್ತಿದ್ದಳು. "ಒತ್ತಾಯ್ತು, ನಡಿಯೇ." ನರಸೀಪುರಕ್ಕೆ ಹೋದ ಕೂಡಲೇ ಇಬ್ಬರೂ ಕೈ ಹಿಡಿದುಕೊಂಡು ಅಳುವುದು, ತಪ್ಪಾಯಿತು ಅನ್ನುವುದು, ಪ್ರಾರ್ಥನೆ. ಕಾಫಿ ಅರ್ಧ ಕುಡಿಯುವುದರೊಳಗೆ ಯಾರಾದರೊಬ್ಬರು, "ಏನೇ ಆಗ್ಲಿ, ಆ ತಂತಿ ಮಾತ್ರ..." ಅಷ್ಟೇ! ಮಾರನೆಯ ದಿನ ಸಭೆಯಲ್ಲಿ ರೊಟ್ಟಿ ತೆಗೆದುಕೊಳ್ಳಲು ಅವ್ವ ಬೆಂಚು ಬಿಟ್ಟು ಏಳುತ್ತಿರಲಿಲ್ಲ. ಹೀಗೆ ಎಂಟು ವರ್ಷ. ಪ್ರೀತಿಯಿಲ್ಲದೆ ಕ್ರೈಸ್ತರ ಬಾಳಿಲ್ಲವೆಂದು ಸಂಡೇ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದವಳು ನಾನು. ನನ್ನ ಮನೆಯಲ್ಲೇ ಈ ಕರ್ಮ.

ಎಂಬತ್ತನೆಯ ಇಸವಿಯ ಸುಮಾರಿನಲ್ಲಿ ಒಂದು ಸಲ ಅವ್ವನ ಕಾಲು ಊದಿ, ಅವಳ ಪರವಾಗಿ ನಾನೊಬ್ಬಳೇ ಹೋಗಬೇಕಾಯಿತು. ಬರುವಾಗ ಬಸ್ಸಿನಲ್ಲಿ ನಿಂತು ನಿಂತು ತಲೆ ಕೆಟ್ಟಿತು. ಮನೆಗೆ ಬಂದವಳೇ ಹೇಳಿಬಿಟ್ಟೆ: "ತಂತಿ ತಡ ಮಾಡಿದ್ದು ತನ್ನದೇ ತಪ್ಪು ಅಂತ ದೊಡ್ಡವ್ವ ಒಪ್ಕೊಂಡ್ಲು." ಶುದ್ಧ ಸುಳ್ಳು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮಾರನೆಯ ದಿನ ಎದ್ದುಹೋಗಿ ರೊಟ್ಟಿ ತೆಗೆದುಕೊಂಡಳು. ಎಂಟು ವರ್ಷದ ಗಂಟನ್ನು ಒಂದು ಮಾತಿನಲ್ಲಿ ಬಿಚ್ಚಿದೆನೆಂದು ನಾನು ಬೀಗಿದೆ.

ಮುಂದಿನ ತಿಂಗಳು ಅವ್ವ ಹೊರಡಲಿಲ್ಲ. ಕಾಲು ವಾಸಿಯಾಗಿತ್ತು. ಕೇಳಿದರೆ, "ಎಲ್ಲಾ ಸರಿ ಓಯ್ತಲ್ಲ, ಇನ್ನೇನೈತೆ ಅಲ್ಲಿ?" ಅಂದಳು. ಅದರ ಮುಂದಿನ ತಿಂಗಳೂ ಇಲ್ಲ. ನನಗೆ ಪೇಪರು ತಿದ್ದಲು ಇಡೀ ಶನಿವಾರ ಸಿಕ್ಕಿತು. ಸುಖವಾಗಿಯೇ ಇದ್ದೆ, ಸುಳ್ಳು ಯಾಕೆ ಹೇಳಲಿ.

ಐದನೆಯ ತಿಂಗಳು ನನ್ನ ಹೆಸರಿಗೆ ದೊಡ್ಡವ್ವನ ಕಾರ್ಡು ಬಂತು. ಪ್ರತಿ ತಿಂಗಳೂ ಆ ಶನಿವಾರ ಬಸ್ಸಿನ ಹೊತ್ತಿಗೆ ಬಾಗಿಲು ತೆಗೆದಿಟ್ಟು ಕೂರುತ್ತಿದ್ದೇನೆ. ಜಗಳ ಆಡಲಿಕ್ಕೂ ಬರಬಾರದು ಅನ್ನುವಷ್ಟು ಕೋಪವೇ ನಿಮ್ಮವ್ವನಿಗೆ, ಎಂದು ಬರೆದಿತ್ತು. ಕಾರ್ಡು ಓದಿ ಹೇಳಿ, ನನ್ನ ಸುಳ್ಳನ್ನೂ ಅವ್ವನ ಮುಂದೆ ಒಪ್ಪಿಕೊಂಡೆ.

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಕಾರ್ಡನ್ನು ಕೈಗೆ ತೆಗೆದುಕೊಂಡಳು.

"ನೀ ಸುಳ್ಳು ಏಳಿದ್ದು ಆಮ್ಯಾಕೆ ನೋಡ್ಕೊಳಾಣ ಕಣೇ," ಅಂದಳು. "ಗೆದ್ದೆ ಅಂತ ಗೊತ್ತಾದ್ ತಕ್ಷಣ ನಾನು ಅವಳನ್ನ ಮರೆತೇಬಿಟ್ನಲ್ಲ."