ಅವ್ವ ಕಂಪನಿಯ ಬಾಗಿಲಲ್ಲಿ ಕೂತದ್ದು

ಗೆಳೆಯರೇ, ಇದನ್ನು ನನ್ನ ಹೆಂಡತಿಯ ಖಾತೆಯಿಂದ ಬರೆಯುತ್ತಿದ್ದೇನೆ. ನನ್ನ ಖಾತೆಯನ್ನು ಈ ಜಾಲತಾಣ ನಡೆಸುವ ಅಮೆರಿಕದ ಕಂಪನಿ ಹೋದ ವಾರ ಮುಚ್ಚಿತು. ನಾನು ನಿಯಮ ಮುರಿದೆನಂತೆ. ಯಾವ ನಿಯಮವೆಂದು ಹೇಳುವುದಿಲ್ಲ. ತೀರಿಹೋದ ಅಪ್ಪನ ಫೋಟೋಗಳೆಲ್ಲ ಅದರೊಳಗೇ ಇವೆ. ಆರು ಸಲ ಬರೆದೆ, ಆರು ಸಲವೂ ಅದೇ ಉತ್ತರ ಬಂತು.

ಧಾರವಾಡದಿಂದ ಇಲ್ಲಿ ನಮ್ಮ ಮನೆಗೆ ಬಂದಿರುವ ಅವ್ವ, "ಅವರ ಆಫೀಸ್ ಎಲ್ಲೈತಿ ಹೇಳು, ಹೋಗಿ ಕೂಡೋಣು" ಅಂದಳು. ಹೊಲದ ಕಾಗದಕ್ಕಾಗಿ ತಹಶೀಲ್ದಾರರ ಬಾಗಿಲಲ್ಲಿ ಮೂರು ದಿನ ಕೂತು ಗೆದ್ದವಳು ಅವಳು.

ಮ್ಯಾಂಚೆಸ್ಟರಿನಲ್ಲಿ ಅವರದೊಂದು ಕಚೇರಿಯಿದೆ. ಇವತ್ತು ರಜೆ ಹಾಕಿ, ನಾವಿರುವ ಸ್ಟಾಕ್‌ಪೋರ್ಟಿನಿಂದ ರೈಲಿನಲ್ಲಿ ಅವಳನ್ನು ಕರೆದುಕೊಂಡು ಹೋದೆ. ರಿಸೆಪ್ಷನ್ ಹುಡುಗಿ, "ಇಲ್ಲಿ ಜಾಹೀರಾತು ಮಾರುವವರಷ್ಟೇ ಇದ್ದಾರೆ. ದೂರುಗಳೆಲ್ಲ ವೆಬ್‌ಸೈಟಿಗೆ" ಎಂದಳು. ಅವ್ವ ಸೀರೆಯ ಮೇಲಿನ ಕೋಟು ಬಿಚ್ಚಿಟ್ಟು, ಸೋಫಾದಲ್ಲಿ ಕೂತು, ರೊಟ್ಟಿಯ ಡಬ್ಬಿ ತೆಗೆದಳು. ಯಾರೂ ಗದರಲಿಲ್ಲ. ಸೆಕ್ಯುರಿಟಿಯವನಂತೂ ಅವಳಿಗೆ ಚಹಾ ತಂದುಕೊಟ್ಟು ನನಗೆ ಹೇಳಿದ: "ಎಷ್ಟು ಹೊತ್ತು ಬೇಕಾದರೂ ಕೂರಲಿ. ಆದರೆ ನಿಮ್ಮ ಅರ್ಜಿ ನೋಡುವವರು ಈ ಕಟ್ಟಡದಲ್ಲಿ ಯಾರೂ ಇಲ್ಲ. ಎಲ್ಲಿದ್ದಾರೋ ನನಗೂ ಗೊತ್ತಿಲ್ಲ."

ನಾಲ್ಕು ಗಂಟೆಗೆ ಅವ್ವ ತಾನಾಗಿಯೇ ಎದ್ದಳು. ರೈಲು ಸ್ಟಾಕ್‌ಪೋರ್ಟ್ ಮುಟ್ಟಿತು. ಇಳಿಯುವಾಗ ಅಂದಳು:

"ಆ ತಹಶೀಲ್ದಾರ ಭಾಳ ಕೆಟ್ಟಾಂವ ಇದ್ದ. ಆದ್ರ ಊಟಕ್ಕ ಹೋಗಬೇಕಂದ್ರ ದಿನಾ ನನ್ನ ಮುಂದನ ಹಾದು ಹೋಗಬೇಕಿತ್ತು."