ಅಮ್ಮ ಕೊಟ್ಟ ಶಾಖ

ಕ್ಯಾನ್ಸರ್ ಎಂದು ನನ್ನ ಎಡ ಮೊಲೆಯನ್ನು ತೆಗೆದು, ಹೊಟ್ಟೆಯ ಚರ್ಮ, ಕೊಬ್ಬಿನಿಂದ ಅದೇ ಜಾಗದಲ್ಲಿ ಹೊಸದೊಂದನ್ನು ಕಟ್ಟಿ ಮನೆಗೆ ಕಳಿಸಿದ್ದರು. ಜೆ.ಪಿ. ನಗರದ ನಮ್ಮ ಮನೆಗೆ ನೋಡಲು ಬಂದವರೆಲ್ಲ ಸೆರಗಿನ ಮೇಲಿಂದಲೇ ಕಣ್ಣಳತೆ ತೆಗೆದು, "ಸದ್ಯ, ಏನೂ ಆಗೇ ಇಲ್ಲ ಅನ್ನೋ ಹಾಗಿದೀರಲ್ಲ!" ಎನ್ನುತ್ತಿದ್ದರು. ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. ಅಲ್ಲಿ ಚಿವುಟಿದರೂ ನನಗೆ ತಿಳಿಯುತ್ತಿರಲಿಲ್ಲ. ಸ್ಪರ್ಶ ಮರಳುವುದು ಅನುಮಾನ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅಮ್ಮನಿಗೆ ಮಾತ್ರ ನಾನು ಹೇಳಿರಲಿಲ್ಲ. ಮಗಳು ಮೊದಲಿನಂತಾದಳು ಎಂಬುದೊಂದೇ ಅವಳಿಗಿದ್ದ ಸಮಾಧಾನ. ಅದನ್ನೂ ಕಿತ್ತುಕೊಳ್ಳಲು ಮನಸ್ಸಾಗಲಿಲ್ಲ.

ಅಮ್ಮ ಪುಟ್ಟೇನಹಳ್ಳಿಯವಳು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳೆದ್ದಿದ್ದರೂ ಅವಳ ಔಷಧಿ ಬದಲಾಗಿಲ್ಲ. ನನ್ನ ಬಾಣಂತನದಲ್ಲಿ ಹಾಲು ಕಟ್ಟಿಕೊಂಡು ಎದೆ ಕಲ್ಲಾದಾಗ ಹರಳು ಗಿಡದ ಎಲೆಗೆ ಎಣ್ಣೆ ಸವರಿ, ಕಾವಲಿಯ ಮೇಲೆ ಬಾಡಿಸಿ ಶಾಖ ಕೊಟ್ಟಿದ್ದಳು. ಈಗಲೂ ಕಂಕುಳ ಹತ್ತಿರ ಬಿಗಿಯುತ್ತಿದೆ ಎಂದಿದ್ದೇ ತಡ, ಯಾವುದೋ ಖಾಲಿ ಸೈಟಿನಿಂದ ಎಲೆ ಕಿತ್ತು ತಂದಳು. ನನ್ನನ್ನು ಮಲಗಿಸಿ, ಎಡಗಡೆ ಎದೆಯ ತುಂಬ ಬಿಸಿ ಎಲೆ ಹೊದಿಸಿ ಜಡ್ಡುಗಟ್ಟಿದ ಅಂಗೈಯಿಂದ ಒತ್ತಿದಳು.

"ಸುಡ್ತೈತೇನೇ?"

"ಇಲ್ಲಮ್ಮ, ಹಾಯಾಗಿದೆ."

ಅವಳು ಹಾಗೆ ಪಕ್ಕದಲ್ಲಿ ಕೂತಿದ್ದೇ ನನಗೆ ಹಾಯೆನಿಸಿತ್ತು. ಆ ಮಾತು ಕೇಳಿ ಅವಳಿಗೆ ಹುರುಪು ಬಂತು. ಎಲೆಗಳನ್ನು ಇನ್ನಷ್ಟು ಕಾಯಿಸಿ ತಂದು ತಂದು ಇಟ್ಟಳು.

ಮರುದಿನ ಸ್ನಾನಕ್ಕೆ ಬಟ್ಟೆ ಬಿಚ್ಚಿದರೆ ಅಲ್ಲೆಲ್ಲ ಬೊಬ್ಬೆ ಎದ್ದಿತ್ತು. ಒಂದು ಕಡೆ ಚರ್ಮವೇ ಸುಲಿದಿತ್ತು. ನೋವಿರಲಿಲ್ಲ. ಇಷ್ಟು ಸುಟ್ಟರೂ ನೋಯುತ್ತಿಲ್ಲವಲ್ಲ ಎಂದು ಬಚ್ಚಲಲ್ಲಿ ಕೂತು ಅತ್ತೆ. ಬೆನ್ನು ತಿಕ್ಕಲು ಬಂದ ಅಮ್ಮ ಅದನ್ನು ಕಂಡಳು. ಇನ್ನು ಮುಚ್ಚಿಡಲಾಗಲಿಲ್ಲ, ಎಲ್ಲ ಹೇಳಿದೆ.

"ನನ್ ಕೈಯಾರ ಸುಟ್ಬುಟ್ನಲ್ಲೇ," ಎಂದಳು. "ಒಂದ್ ಮಾತು ಹೇಳ್ಬಾರ್ದಿತ್ತೇನೇ?"

ಆಸ್ಪತ್ರೆಯಲ್ಲಿ ನನ್ನನ್ನು ಬೈದು ಮುಲಾಮು ಕೊಟ್ಟರು. ಗಾಯ ಮಾಯಲು ತುಂಬ ದಿನ ಹಿಡಿಯಿತು. ಕಪ್ಪು ಕಲೆ ಉಳಿದಿದೆ. ನೋಡಲು ಬರುವವರು ಈಗಲೂ ಏನೂ ಆಗೇ ಇಲ್ಲವೆನ್ನುತ್ತಾರೆ. ಹಾಗೆಂದಾಗಲೆಲ್ಲ ಅಮ್ಮ ಎದ್ದು ಅಡುಗೆಮನೆಗೆ ಹೋಗುತ್ತಾಳೆ.

ಕೀಮೋದಲ್ಲಿ ಉದುರಿದ್ದ ನನ್ನ ತಲೆಗೂದಲು ಈಚೆಗೆ ಮತ್ತೆ ಬೆಳೆದಿದೆ. ಅಮ್ಮ ಎಣ್ಣೆ ಕಾಯಿಸಿ ತಂದು ಹಚ್ಚುತ್ತಾಳೆ. ಬಿಸಿ ಹೆಚ್ಚಾಯಿತೇ ಎಂದು ನನ್ನನ್ನು ಕೇಳುವುದಿಲ್ಲ. ಸೆರಗು ಸರಿಸಿ, ಒಂದು ತೊಟ್ಟನ್ನು ತನ್ನ ಎದೆಯ ಮೇಲೆ ಹಾಕಿಕೊಂಡು ನೋಡುತ್ತಾಳೆ. ತಲೆಗೆ ಬಿಸಿ ಗೊತ್ತಾಗುತ್ತಮ್ಮ ಎಂದರೆ ಅವಳು ನಂಬುವುದಿಲ್ಲ.