ಬರಿ ಬಿಲ್ಲೆಯ ಕಾಂತಗುಣ

ಜೊಹಾನೆಸ್‌ಬರ್ಗಿನ ನಮ್ಮ ಪ್ರಯೋಗಶಾಲೆಯಲ್ಲಿ ಹುನಡಿಯಷ್ಟು ಹಟಮಾರಿ ಹೆಂಗಸನ್ನು ನಾನು ಕಂಡಿಲ್ಲ. ಪಕ್ಕದ ಮೇಜಿನಲ್ಲಿ ವರ್ಷಗಟ್ಟಲೆ ಸಹಿಸಿಕೊಂಡವನ ಮಾತಿದು.

ಕಬ್ಬಿಣಕ್ಕೆ ರೋಡಿಯಂ ಲೋಹ ಬೆರೆಸಿ, ಗಾಳಿ ತೆಗೆದ ಡಬ್ಬಿಯೊಳಗೆ, ಉಗುರಿನಗಲದ ಕಲ್ಲಿನ ಬಿಲ್ಲೆಯ ಮೇಲೆ ಕೂದಲಿಗಿಂತ ಸಾವಿರ ಪಾಲು ತೆಳುವಾದ ಪೊರೆ ಕೂರಿಸುವುದು ಅವಳ ಕೆಲಸ. ಈ ಪೊರೆಯ ಸ್ವಭಾವ ತಲೆಕೆಳಗು. ತಣ್ಣಗಿದ್ದಾಗ ಅಯಸ್ಕಾಂತವಲ್ಲ, ಬಿಸಿ ಮಾಡಿದರೆ ಆಗುತ್ತದೆ. ಎಷ್ಟು ಬಿಸಿಗೆ ಆಗಬೇಕೆಂಬುದನ್ನು ಕೆಳಗಿನ ಬಿಲ್ಲೆಯ ಬಗೆ ಬದಲಿಸಿ ತಾನೇ ಗೊತ್ತುಮಾಡಬೇಕೆಂಬುದು ಅವಳ ಹಟ. ಆದರೆ ಅವಳ ಪೊರೆಗಳು ತಣ್ಣಗಿದ್ದಾಗಲೂ ತುಸು ಕಾಂತಗುಣ ತೋರಿಸುತ್ತಿದ್ದವು. ಪೊರೆಯ ತಳದ ಪದರ ಮಾತ್ರ ತಣ್ಣಗಿದ್ದಾಗಲೂ ಅಯಸ್ಕಾಂತವಾಗಿಯೇ ಎಚ್ಚರವಾಗಿರುತ್ತದೆ, ಇದು ಹೊಸ ಸಂಗತಿ ಎಂದು ಪ್ರೊಫೆಸರ್ ಫಾಲಾನೆ ಹಿಗ್ಗಿದರು. ಅವಳ ಪಿಎಚ್.ಡಿ. ಪ್ರಬಂಧ ಅದರ ಮೇಲೆಯೇ ನಿಂತಿತು. ಊರಿನಲ್ಲಿ ಅವಳ ತಾಯಿ ಪದವಿಯ ಔತಣಕ್ಕೆ ಮೇಕೆಯನ್ನೂ ಗೊತ್ತುಮಾಡಿದ್ದರು.

ಪ್ರಬಂಧ ಒಪ್ಪಿಸುವ ವಾರ ಹುನಡಿಗೆ ಅನುಮಾನ ಹತ್ತಿತು. ಪೊರೆಯೇ ಇಲ್ಲದ ಬರಿ ಬಿಲ್ಲೆಯೊಂದನ್ನು ಅಳತೆಯ ಯಂತ್ರಕ್ಕಿಟ್ಟಳು. ಅದೂ ಕಾಂತಗುಣ ತೋರಿಸಿತು. ಬಿಲ್ಲೆ ಎತ್ತುವ ಸ್ಟೀಲ್ ಚಿಮಟ ಅಂಚಿಗೆ ಉಜ್ಜಿ, ಕಣ್ಣಿಗೆ ಕಾಣದ ಕಬ್ಬಿಣದ ಪುಡಿ ಬಿಟ್ಟಿತ್ತು.

ನಾನಾಗಿದ್ದರೆ ತುಟಿಪಿಟಕ್ಕೆನ್ನದೆ ಡಿಗ್ರಿ ಕಿಸೆಗೆ ಹಾಕಿಕೊಳ್ಳುತ್ತಿದ್ದೆ. ಅವಳು ನನ್ನನ್ನೂ ಎಳೆದುಕೊಂಡು ನೆಟ್ಟಗೆ ಪ್ರೊಫೆಸರರ ಕೋಣೆಗೆ ಹೋದಳು.

“ಎಲ್ಲಾ ಬಿಲ್ಲೇಲೂ ಹಂಗೇ ಆಗಿರ್ಬೇಕು ಅಂತೇನಿಲ್ವಲ್ಲಮ್ಮ,” ಅಂದರು ಅವರು.

“ಆಗಿಲ್ಲ ಅಂತ ನಾನು ಹೆಂಗ್ ಹೇಳ್ಲಿ ಪ್ರೊಫ್? ಎಲ್ಲಾ ಮೊದ್ಲಿಂದ ಮಾಡ್ತೀನಿ.”

ಹೊರಗೆ ಬಂದ ಮೇಲೆ ಕೇಳಿದೆ, “ನಿಮ್ಮಮ್ಮಂಗೆ ಏನ್ ಹೇಳ್ತೀಯೆ?”

“ಮೇಕೆ ಆಯಸ್ಸು ಗಟ್ಟಿ ಇದೆ ಅಂತೀನಿ.”

ಪ್ಲಾಸ್ಟಿಕ್ ಚಿಮಟ ತಂದಳು. ಹಳೆಯದನ್ನು ನಾನು ಮುಟ್ಟಿದರೂ ಬೈಗುಳ. ಬಡಾವಣೆಗಳ ಸರದಿಯ ಪ್ರಕಾರ ಕರೆಂಟು ತೆಗೆದಾಗೆಲ್ಲ ಪಂಪ್ ನಿಂತು ಅರ್ಧ ಬೆಳೆದ ಪೊರೆ ಕೆಡುತ್ತಿತ್ತು. ಅವಳು ಡಬ್ಬಿಯಲ್ಲಿ ತಣ್ಣಗಾದ ಪಾಪ್ ಎಂಬ ಮೆಕ್ಕೆಜೋಳದ ಮುದ್ದೆ ತಿಂದು, ಕರೆಂಟು ಬಂದೊಡನೆ ಮತ್ತೆ ಪಂಪ್ ಹಚ್ಚುತ್ತಿದ್ದಳು. ಜೊತೆಯಲ್ಲಿ ಓದಿದವರು ಕೆಂಪು ಗೌನ್ ತೊಟ್ಟು ಪದವಿ ಪಡೆದು ಹೋದರು. ಆ ದಿನ ಅವಳ ಮುಖ ನೋಡಲು ನನಗೇ ಸಂಕಟವಾಯಿತು.

ಮುಂದಿನ ಚಳಿಗಾಲಕ್ಕೆ ಹೊಸ ಬಿಲ್ಲೆಗಳು ಅಳತೆಗೆ ಬಂದವು. ತಣ್ಣಗಿದ್ದಾಗ ಪರದೆಯ ಮೇಲಿನ ಗೆರೆ ಸೊನ್ನೆ ಬಿಟ್ಟು ಅಲುಗಲಿಲ್ಲ. ತಳದ ಪದರದ ಕಥೆ ಅಲ್ಲಿಗೆ ಮುಗಿಯಿತು. ನಿಧಾನಕ್ಕೆ ಬಿಸಿ ಏರಿಸಿದಳು. ಒಂದು ಬಗೆಯ ಬಿಲ್ಲೆಯ ಮೇಲಿನ ಪೊರೆ ಬೇಗ ಅಯಸ್ಕಾಂತವಾಯಿತು, ಇನ್ನೊಂದರ ಮೇಲಿನದು ತಡವಾಗಿ. ಎರಡೂ ಅವಳು ಮೊದಲೇ ಹೇಳಿದ್ದ ಬಿಸಿಗೇ.

ಫಾಲಾನೆ ಪರದೆಯ ಹತ್ತಿರ ಬಗ್ಗಿ ಸೊನ್ನೆಯ ಗೆರೆಯ ಮೇಲೆ ಬೆರಳಾಡಿಸಿದರು. “ನಮ್ಮ ಹೊಸ ಸಂಗತಿ ಹೋಯ್ತಲ್ಲಮ್ಮ,” ಅಂದರು.

“ಹೋಗ್ಲಿ ಬಿಡಿ ಪ್ರೊಫ್. ಅದು ಚಿಮಟದ್ದು. ಇದು ನಂದು.”